ಹೇಳಿದವರಿಗೇ ಮರಳಿದ ಮಾತು: ಸಾಂಸ್ಥಿಕ ಅಭಿವೃದ್ಧಿ ಎಂಬ ಶಾಸ್ತ್ರ ಬೆಳೆದ ಬಗೆ

ದೊಡ್ಡ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ವರ್ಷಕ್ಕೊಮ್ಮೆಯಾದರೂ ಒಂದು ಪ್ರಶ್ನಾವಳಿ ಬರುತ್ತದೆ. ‘ನನ್ನ ಅಭಿಪ್ರಾಯಕ್ಕೆ ಇಲ್ಲಿ ಬೆಲೆಯಿದೆ’ ಎಂಬಂಥ ಇಪ್ಪತ್ತು ಮೂವತ್ತು ಹೇಳಿಕೆಗಳಿರುತ್ತವೆ; ಪ್ರತಿಯೊಂದರ ಮುಂದೆ ‘ಪೂರ್ತಿ ಒಪ್ಪುತ್ತೇನೆ’ ಎಂಬಲ್ಲಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ ಎಂಬಲ್ಲಿಯವರೆಗೆ ಐದು ಆಯ್ಕೆಗಳಿರುತ್ತವೆ. ತುಂಬಿ ಕಳಿಸಿದ ಮೇಲೆ ಅದನ್ನು ಯಾರು ಓದಿದರು, ಓದಿ ಏನು ತೀರ್ಮಾನಿಸಿದರು ಎಂಬುದು ತುಂಬಿದವರಿಗೆ ತಿಳಿಯುವುದು ಅಪರೂಪ. ಈ ಪ್ರಶ್ನಾವಳಿಯ ಹಿಂದೆ ಸುಮಾರು 80 ವರ್ಷಗಳ ಇತಿಹಾಸವುಳ್ಳ ಒಂದು ಶಾಸ್ತ್ರವಿದೆ. ಜನರನ್ನು ಗಮನಿಸಿ ತಿಳಿದುಕೊಂಡದ್ದನ್ನು ಆ ಜನರ ಮುಂದೆಯೇ ಇಡಬೇಕು, ಇಟ್ಟಾಗ ಮಾತ್ರ ಏನಾದರೂ ಬದಲಾದೀತು ಎಂಬ ಅರಿವಿನಿಂದಲೇ ಆ ಶಾಸ್ತ್ರ ಹುಟ್ಟಿತೆಂಬುದು ಇಂದಿನ ಪ್ರಶ್ನಾವಳಿಗಳನ್ನು ನೋಡಿದವರಿಗೆ ವಿಚಿತ್ರವಾಗಿ ಕಂಡೀತು.

ಆ ಶಾಸ್ತ್ರದ ಹೆಸರು ಸಾಂಸ್ಥಿಕ ಅಭಿವೃದ್ಧಿ. ಇಂಗ್ಲಿಷಿನ ಆರ್ಗನೈಸೇಶನ್ ಡೆವಲಪ್‌ಮೆಂಟ್. ಎಚ್‌ಆರ್ ವಿಭಾಗದವರು ಚಿಕ್ಕದಾಗಿ ‘ಓಡಿ’ ಎನ್ನುತ್ತಾರೆ. ಬ್ಯಾಂಕಿನವರಿಗೆ ಓಡಿ ಎಂದರೆ ಓವರ್‌ಡ್ರಾಫ್ಟ್, ಉಳಿದ ಕನ್ನಡಿಗರಿಗೆ ಬರೀ ಕ್ರಿಯಾಪದ; ಹಾಗಾಗಿ ಈ ಹ್ರಸ್ವನಾಮವನ್ನು ಇಲ್ಲಿಯೇ ಬಿಟ್ಟು ಮುಂದೆ ಹೋಗುತ್ತೇನೆ. ಒಂದು ಸಂಸ್ಥೆ ತನ್ನ ಕೆಲಸದ ರೀತಿ, ಒಳಗಿನ ಸಂಬಂಧಗಳು, ತೀರ್ಮಾನ ಕೈಗೊಳ್ಳುವ ಕ್ರಮ ಇವನ್ನು ತಾನೇ ಪರೀಕ್ಷಿಸಿಕೊಂಡು, ಮನೋವಿಜ್ಞಾನ ಮತ್ತು ಸಮಾಜವಿಜ್ಞಾನಗಳ ನೆರವಿನಿಂದ ಯೋಜಿತವಾಗಿ ಬದಲಿಸಿಕೊಳ್ಳುವ ವಿಧಾನ ಎಂದು ಇದನ್ನು ಸ್ಥೂಲವಾಗಿ ಹೇಳಬಹುದು. ಈ ಮಾತಿನ ತಿರುಳು ‘ತಾನೇ’ ಎಂಬ ಪದದಲ್ಲಿದೆ. ಹೊರಗಿನ ಪರಿಣತನೊಬ್ಬ ಬಂದು ದೋಷ ಕಂಡುಹಿಡಿದು ವರದಿ ಬರೆದುಕೊಟ್ಟು ಹೋದರೆ ಅದು ಸಲಹೆಯಾಗುತ್ತದೆಯೇ ಹೊರತು ಸಾಂಸ್ಥಿಕ ಅಭಿವೃದ್ಧಿಯಾಗುವುದಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾರ್ಖಾನೆಗಳನ್ನು ಆಳುತ್ತಿದ್ದ ಚಿಂತನೆ ಇದಕ್ಕೆ ತೀರಾ ವಿರುದ್ಧವಾಗಿತ್ತು. 1911ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್, ಯೋಚಿಸುವವರು ಬೇರೆ ಮಾಡುವವರು ಬೇರೆ ಎಂಬ ವಿಂಗಡಣೆಯನ್ನು ವೈಜ್ಞಾನಿಕ ನಿರ್ವಹಣೆಯ ತಳಹದಿಯಾಗಿಸಿದ್ದ. ಆ ವಿಂಗಡಣೆಯಲ್ಲಿ ಬಿರುಕು ಕಾಣಿಸಿದ್ದು ಶಿಕಾಗೊ ಪಕ್ಕದ ಸಿಸಿರೊದಲ್ಲಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ. 1924ರಲ್ಲಿ ಅಲ್ಲಿ ಬೆಳಕಿನ ಪ್ರಮಾಣಕ್ಕೂ ಉತ್ಪಾದನೆಗೂ ಇರುವ ಸಂಬಂಧವನ್ನು ಅಳೆಯಲು ಹೊರಟವರಿಗೆ ಉತ್ತರ ಸಿಗಲಿಲ್ಲ. 1927ರಿಂದ ಟೆಲಿಫೋನ್ ರಿಲೇ ಜೋಡಿಸುವ ಕೆಲವೇ ಯುವತಿಯರನ್ನು ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ, ಬಿಡುವಿನ ವೇಳೆಯನ್ನೂ ಕೆಲಸದ ಅವಧಿಯನ್ನೂ ಹೆಚ್ಚುಕಡಿಮೆ ಮಾಡುತ್ತಾ ನೋಡಿದಾಗ, ಉತ್ಪಾದನೆ ಒಟ್ಟಾರೆ ಏರುತ್ತಲೇ ಹೋಯಿತು. ಹಾರ್ವರ್ಡಿನ ಎಲ್ಟನ್ ಮೇಯೊ ಮತ್ತು ಆತನ ಸಂಗಡಿಗರು, ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ, ತಮ್ಮ ಮಾತಿಗೆ ಕಿವಿಗೊಡುತ್ತಿದ್ದಾರೆ ಎಂಬ ಭಾವವೇ ಇದಕ್ಕೆ ಕಾರಣವೆಂದು ಅರ್ಥೈಸಿದರು. ನಿರ್ವಹಣಾಶಾಸ್ತ್ರದ ತರಗತಿಗಳಲ್ಲಿ ಈ ಕಥೆ ಇಂದಿಗೂ ಪುರಾಣದಂತೆ ಪಾರಾಯಣವಾಗುತ್ತದೆ. ಆದರೆ ಆ ಕೋಣೆಯ ಯುವತಿಯರಿಗೆ ತಮ್ಮ ಪುಟ್ಟ ಗುಂಪಿನ ಉತ್ಪಾದನೆಯ ಲೆಕ್ಕದಲ್ಲೇ ಕೂಲಿ ಸಿಗುವ ಹೊಸ ಪದ್ಧತಿ ಬಂದಿತ್ತು, ಹರಟುತ್ತಾರೆಂಬ ಕಾರಣಕ್ಕೆ ಇಬ್ಬರನ್ನು ನಡುವೆಯೇ ಬದಲಿಸಲಾಗಿತ್ತು ಎಂಬ ಎರಡು ಸಂಗತಿಗಳನ್ನು ಪಾರಾಯಣದಲ್ಲಿ ಸಾಮಾನ್ಯವಾಗಿ ಬಿಡುತ್ತಾರೆ. ನನ್ನ ಮಟ್ಟಿಗೆ ಹಾಥಾರ್ನ್‌ನ ನಿಜವಾದ ಕೊಡುಗೆಯೆಂದರೆ 1928ರಿಂದ 1930ರವರೆಗೆ ಅಲ್ಲಿ ನಡೆದ, 20,000ಕ್ಕೂ ಹೆಚ್ಚು ನೌಕರರನ್ನು ಮಾತನಾಡಿಸಿದ ಸಂದರ್ಶನ ಕಾರ್ಯಕ್ರಮ. ಜನ ಹೇಳಲಿಕ್ಕೆ ಬಹಳಷ್ಟು ಇಟ್ಟುಕೊಂಡಿದ್ದರು. ಕೇಳಿಸಿಕೊಂಡದ್ದನ್ನು ಏನು ಮಾಡಬೇಕೆಂಬುದು ಮಾತ್ರ ಆಗಿನ್ನೂ ಯಾರಿಗೂ ಹೊಳೆದಿರಲಿಲ್ಲ.

ಅದು ಹೊಳೆದದ್ದು ಕುರ್ಟ್ ಲೆವಿನ್ ಅವರ ಬಳಗಕ್ಕೆ. 1890ರಲ್ಲಿ ಆಗಿನ ಪ್ರಷ್ಯಾದ, ಈಗ ಪೋಲೆಂಡಿಗೆ ಸೇರಿದ ಮೊಗಿಲ್ನೊ ಎಂಬ ಊರಿನಲ್ಲಿ ಯಹೂದಿ ಕುಟುಂಬದಲ್ಲಿ ಹುಟ್ಟಿದ ಲೆವಿನ್, ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ಕಲಿಸುತ್ತಿದ್ದವರು. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ಜರ್ಮನಿ ಬಿಟ್ಟು ಅಮೆರಿಕ ಸೇರಿದರು. ಅವರ ತಾಯಿ ನಾಜಿಗಳ ಶಿಬಿರದಲ್ಲಿ ಪ್ರಾಣ ಕಳೆದುಕೊಂಡರು. ಗುಂಪು ಎಂಬುದು ವ್ಯಕ್ತಿಯನ್ನು ಹೇಗೆ ರೂಪಿಸುತ್ತದೆ, ನಿರಂಕುಶ ನಾಯಕನ ಕೈಕೆಳಗೆ ಮತ್ತು ಪ್ರಜಾಸತ್ತಾತ್ಮಕ ನಾಯಕನ ಜೊತೆಗೆ ಅದೇ ಜನ ಹೇಗೆ ಬೇರೆಬೇರೆಯಾಗಿ ನಡೆದುಕೊಳ್ಳುತ್ತಾರೆ ಎಂಬ ಪ್ರಶ್ನೆಗಳು ಅವರಿಗೆ ಬರಿಯ ಪ್ರಯೋಗಶಾಲೆಯ ಕುತೂಹಲಗಳಾಗಿರಲು ಸಾಧ್ಯವಿರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಯೋವಾದಲ್ಲಿ ಲೆವಿನ್ ನಡೆಸಿದ ಒಂದು ಪ್ರಯೋಗ ಮುಂದಿನದಕ್ಕೆಲ್ಲ ಬೀಜವೆನ್ನಬಹುದು. ಒಳ್ಳೆಯ ಮಾಂಸ ಸೈನಿಕರಿಗೆ ಹೋಗುತ್ತಿದ್ದುದರಿಂದ, ಅಮೆರಿಕದ ಮನೆಗಳಲ್ಲಿ ಯಾರೂ ಇಷ್ಟಪಡದ ಗುಂಡಿಗೆ, ಮೂತ್ರಪಿಂಡಗಳಂಥ ಭಾಗಗಳನ್ನು ಗೃಹಿಣಿಯರು ಅಡುಗೆಗೆ ಬಳಸುವಂತೆ ಮಾಡಬೇಕಿತ್ತು. ಕೆಲವು ಗುಂಪುಗಳಿಗೆ ಪೌಷ್ಟಿಕತೆಯ ಬಗ್ಗೆ ಸೊಗಸಾದ ಉಪನ್ಯಾಸ ಕೊಡಿಸಿ, ಅಡುಗೆಯ ವಿಧಾನಗಳ ಹಾಳೆಗಳನ್ನು ಹಂಚಲಾಯಿತು. ಇನ್ನು ಕೆಲವು ಗುಂಪುಗಳಲ್ಲಿ, ‘ನಮ್ಮಂಥ ಗೃಹಿಣಿಯರಿಗೆ ಇದನ್ನು ಮಾಡಲು ಏನು ಅಡ್ಡಿ’ ಎಂಬುದನ್ನು ಅವರೇ ಚರ್ಚಿಸಿ, ಕೊನೆಗೆ ಕೈಯೆತ್ತಿ ತೀರ್ಮಾನ ಹೇಳುವಂತೆ ಮಾಡಲಾಯಿತು. ಆಮೇಲೆ ವಿಚಾರಿಸಿದಾಗ, ಉಪನ್ಯಾಸ ಕೇಳಿದವರಲ್ಲಿ ಶೇ 3ರಷ್ಟು ಮಂದಿ ಮಾತ್ರ, ಚರ್ಚಿಸಿದವರಲ್ಲಿ ಶೇ 32ರಷ್ಟು ಮಂದಿ ಹೊಸ ಅಡುಗೆ ಮಾಡಿ ನೋಡಿದ್ದರು. ಬುದ್ಧಿ ಹೇಳಿದರೆ ಜನ ಬದಲಾಗುತ್ತಾರೆಂಬ ನಂಬಿಕೆಯ ಮೇಲೆ ನಿಂತ ಎಲ್ಲ ತರಬೇತಿಗಳಿಗೂ ಈ ಎರಡು ಅಂಕಿಗಳು ಅಂದಿನಿಂದ ಇಂದಿನವರೆಗೂ ಮುಜುಗರ ತರುತ್ತಲೇ ಬಂದಿವೆ.

ಇದೇ ತತ್ವ ಕಾರ್ಖಾನೆಯಲ್ಲಿ ಪರೀಕ್ಷೆಗೊಳಗಾದದ್ದು ವರ್ಜೀನಿಯಾ ರಾಜ್ಯದ ಮೇರಿಯನ್ ಎಂಬ ಸಣ್ಣ ಊರಿನ ಹಾರ್ವುಡ್ ಪೈಜಾಮ ಕಾರ್ಖಾನೆಯಲ್ಲಿ. ಅದರ ಮುಖ್ಯಸ್ಥ ಆಲ್ಫ್ರೆಡ್ ಮ್ಯಾರೊ ಸ್ವತಃ ಮನೋವಿಜ್ಞಾನ ಓದಿಕೊಂಡವರು. ಲೆವಿನ್ ಅವರನ್ನು 1939ರಿಂದಲೇ ಅಲ್ಲಿಗೆ ಕರೆಸಿಕೊಳ್ಳುತ್ತಿದ್ದರು. ಹೊಲಿಗೆಯ ವಿನ್ಯಾಸ ಬದಲಾದಾಗಲೆಲ್ಲ ಕೆಲಸದ ಕ್ರಮವೂ ಬದಲಾಗಬೇಕಾಗುತ್ತಿತ್ತು, ಬದಲಾದಾಗಲೆಲ್ಲ ಉತ್ಪಾದನೆ ಕುಸಿದು ಜನ ಕೆಲಸ ಬಿಡುತ್ತಿದ್ದರು. ಲೆಸ್ಟರ್ ಕೋಕ್ ಮತ್ತು ಜಾನ್ ಫ್ರೆಂಚ್ ಇದನ್ನು ಪ್ರಯೋಗಕ್ಕೆ ಒಡ್ಡಿದರು. ಒಂದು ಗುಂಪಿಗೆ ಬದಲಾವಣೆಯನ್ನು ಬರೀ ತಿಳಿಸಲಾಯಿತು. ಇನ್ನೊಂದರಲ್ಲಿ ಪ್ರತಿನಿಧಿಗಳು ಹೊಸ ಕ್ರಮವನ್ನು ರೂಪಿಸುವುದರಲ್ಲಿ ಪಾಲ್ಗೊಂಡರು. ಮತ್ತೆರಡು ಗುಂಪುಗಳಲ್ಲಿ ಎಲ್ಲರೂ ಪಾಲ್ಗೊಂಡರು. ಮೊದಲ 40 ದಿನಗಳಲ್ಲಿ, ಬರೀ ತಿಳಿಸಲ್ಪಟ್ಟ ಗುಂಪಿನ ಶೇ 17ರಷ್ಟು ಮಂದಿ ಕೆಲಸ ಬಿಟ್ಟರು, ಉಳಿದವರ ಉತ್ಪಾದನೆ ಮೇಲೇಳಲಿಲ್ಲ. ಎಲ್ಲರೂ ಪಾಲ್ಗೊಂಡ ಗುಂಪುಗಳಲ್ಲಿ ಯಾರೂ ಬಿಡಲಿಲ್ಲ, ಉತ್ಪಾದನೆ ಬೇಗನೆ ಹಳೆಯ ಮಟ್ಟವನ್ನು ದಾಟಿತು. ಗುಂಪುಗಳು ತೀರಾ ಚಿಕ್ಕವಾಗಿದ್ದವು ಎಂಬ ಆಕ್ಷೇಪ ನ್ಯಾಯವಾದದ್ದೇ. ಇದಕ್ಕಿಂತ ಆಳವಾದ ಇನ್ನೊಂದು ಆಕ್ಷೇಪವಿದೆ: ಬದಲಾವಣೆ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಆ ಹೆಂಗಸರ ಮುಂದೆ ಯಾರೂ ಇಡಲಿಲ್ಲ, ಹೇಗೆ ಮಾಡೋಣ ಎಂದಷ್ಟೇ ಕೇಳಿದರು. 1948ರಲ್ಲಿ ಪ್ರಕಟವಾದ ಆ ಪ್ರಬಂಧದ ಶೀರ್ಷಿಕೆಯೇ ಬದಲಾವಣೆಗಿರುವ ಪ್ರತಿರೋಧವನ್ನು ನಿವಾರಿಸುವ ಕುರಿತದ್ದು. ಪ್ರತಿರೋಧ ಯಾವಾಗಲೂ ಕೆಳಗಿನವರದು, ನಿವಾರಿಸುವವರು ಮೇಲಿನವರು ಎಂಬ ಈ ಊಹೆ ಮುಂದೆ ಶಾಸ್ತ್ರದುದ್ದಕ್ಕೂ ಅಂಟಿಕೊಂಡು ಬಂದಿತು.

ಎಲ್ಲಕ್ಕಿಂತ ಮುಖ್ಯವಾದ ಘಟನೆ ನಡೆದದ್ದು 1946ರ ಬೇಸಿಗೆಯಲ್ಲಿ, ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ನಗರದ ಶಿಕ್ಷಕರ ಕಾಲೇಜಿನಲ್ಲಿ. ಜನಾಂಗೀಯ ಪೂರ್ವಗ್ರಹವನ್ನು ಎದುರಿಸುವ ಬಗ್ಗೆ ಶಿಕ್ಷಕರು, ಸಮಾಜ ಕಾರ್ಯಕರ್ತರು ಮೊದಲಾದವರಿಗೆ ರಾಜ್ಯದ ಆಯೋಗವೊಂದು ಏರ್ಪಡಿಸಿದ್ದ ಎರಡು ವಾರಗಳ ಕಮ್ಮಟ ಅದು. ಲೆವಿನ್ ಜೊತೆಗೆ ರೊನಾಲ್ಡ್ ಲಿಪ್ಪಿಟ್, ಲೀಲ್ಯಾಂಡ್ ಬ್ರ್ಯಾಡ್‌ಫರ್ಡ್, ಕೆನೆತ್ ಬೆನ್ ಇದ್ದರು. ಹಗಲು ಸಣ್ಣ ಗುಂಪುಗಳಲ್ಲಿ ಚರ್ಚೆ ನಡೆಯುತ್ತಿತ್ತು. ಪ್ರತಿ ಗುಂಪಿನ ಪಕ್ಕದಲ್ಲಿ ಒಬ್ಬ ವೀಕ್ಷಕ ಕುಳಿತು, ಯಾರು ಯಾರೊಡನೆ ಹೇಗೆ ನಡೆದುಕೊಂಡರೆಂದು ಟಿಪ್ಪಣಿ ಮಾಡಿಕೊಳ್ಳುತ್ತಿದ್ದ. ಸಂಜೆ ಸಂಶೋಧಕರು ಮಾತ್ರ ಸೇರಿ ಆ ಟಿಪ್ಪಣಿಗಳನ್ನು ಓದಿ ವಿಶ್ಲೇಷಿಸುತ್ತಿದ್ದರು. ಒಂದು ಸಂಜೆ, ಅಲ್ಲೇ ತಂಗಿದ್ದ ಕೆಲವು ಶಿಬಿರಾರ್ಥಿಗಳು ತಾವೂ ಕುಳಿತು ಕೇಳಬಹುದೇ ಎಂದು ವಿಚಾರಿಸಿದರು. ಇದು ಸರಿಹೋಗದೆಂದು ಉಳಿದವರು ಅಳುಕಿದರೂ ಲೆವಿನ್ ಒಪ್ಪಿಗೆ ಕೊಟ್ಟರು. ವೀಕ್ಷಕನೊಬ್ಬ ತನ್ನ ಟಿಪ್ಪಣಿಯನ್ನು ಓದುತ್ತಿರುವಾಗ ಒಬ್ಬ ಮಹಿಳೆ ನಡುವೆ ಬಾಯಿಹಾಕಿ, ತನ್ನ ಬಗ್ಗೆ ಹೇಳಿದ್ದು ಹಾಗಲ್ಲವೇ ಅಲ್ಲ, ನಡೆದದ್ದೇ ಬೇರೆ ಎಂದರು. ಇನ್ನೊಬ್ಬರು ಮೂರನೆಯ ಬಗೆಯಲ್ಲಿ ನೆನಪಿಸಿಕೊಂಡರು. ವಾದ ಬೆಳೆಯಿತು. ಹಗಲಿನ ಚರ್ಚೆಗಿಂತ ಹಗಲಿನ ಚರ್ಚೆಯ ಬಗೆಗಿನ ಈ ರಾತ್ರಿಯ ಚರ್ಚೆಯಲ್ಲೇ ಜನ ಹೆಚ್ಚು ಕಲಿಯುತ್ತಿದ್ದಾರೆಂಬುದು ಅಲ್ಲಿದ್ದವರಿಗೆಲ್ಲ ಗೋಚರಿಸಿತು. ಕೆಲವೇ ದಿನಗಳಲ್ಲಿ ಶಿಬಿರಾರ್ಥಿಗಳೆಲ್ಲ ಸಂಜೆಯ ಸಭೆಗೆ ಬರತೊಡಗಿದರು.

ವಿದ್ಯುತ್ ಎಂಜಿನಿಯರುಗಳ ನಡುವೆ ಬಳಕೆಯಲ್ಲಿದ್ದ ‘ಫೀಡ್‌ಬ್ಯಾಕ್’ ಎಂಬ ಪದ ಮನುಷ್ಯರ ನಡವಳಿಕೆಯ ಮಾತಿಗೆ ಬಂದದ್ದು ಈ ಬಳಗದಿಂದ. ಲೆವಿನ್ 1947ರ ಫೆಬ್ರವರಿಯಲ್ಲಿ, 56ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದೇ ಬೇಸಿಗೆಯಲ್ಲಿ ಉಳಿದ ಮೂವರು ಮೇಯ್ನ್ ರಾಜ್ಯದ ಬೆತೆಲ್ ಎಂಬ ಹಳ್ಳಿಯಲ್ಲಿ ಅವರು ಯೋಜಿಸಿದ್ದ ತರಬೇತಿ ಶಿಬಿರವನ್ನು ಆರಂಭಿಸಿದರು. ಮುಂದೆ ನ್ಯಾಷನಲ್ ಟ್ರೈನಿಂಗ್ ಲ್ಯಾಬೊರೇಟರೀಸ್ ಎಂದು ಹೆಸರಾದದ್ದು ಇದೇ. ಹತ್ತು ಹನ್ನೆರಡು ಮಂದಿ ಅಪರಿಚಿತರು ಯಾವುದೇ ಕಾರ್ಯಸೂಚಿಯಿಲ್ಲದೆ ಒಟ್ಟಿಗೆ ಕುಳಿತು, ತಮ್ಮ ನಡುವೆ ಆ ಗಳಿಗೆಯಲ್ಲಿ ಆಗುತ್ತಿರುವುದನ್ನೇ ಪಾಠವಾಗಿಸಿಕೊಳ್ಳುವ ಟಿ-ಗ್ರೂಪ್ ಪದ್ಧತಿ ಅಲ್ಲಿ ರೂಪುಗೊಂಡಿತು.

ಲೆವಿನ್ ಹೆಸರಿನೊಡನೆ ಇಂದು ತಪ್ಪದೆ ಕೇಳಿಬರುವುದು ಬದಲಾವಣೆಯ ಮೂರು ಹಂತಗಳು: ಹೆಪ್ಪುಗಟ್ಟಿದ್ದನ್ನು ಕರಗಿಸುವುದು, ಸರಿಸುವುದು, ಮತ್ತೆ ಹೆಪ್ಪುಗಟ್ಟಿಸುವುದು. 1947ರ ಒಂದು ಪ್ರಬಂಧದಲ್ಲಿ ಅವರು ಇದನ್ನು ಕೆಲವೇ ಸಾಲುಗಳಲ್ಲಿ ಸೂಚಿಸಿದ್ದರು; ಪಠ್ಯಪುಸ್ತಕಗಳಲ್ಲಿ ಕಾಣುವ ಅಚ್ಚುಕಟ್ಟಾದ ಮಾದರಿ ಬಹುಮಟ್ಟಿಗೆ ನಂತರದವರು ಕಟ್ಟಿದ್ದು. ಅವರ ಹೆಚ್ಚು ಬಾಳಿಕೆಯ ಕೊಡುಗೆ ಕ್ರಿಯಾ ಸಂಶೋಧನೆ: ಪರಿಸ್ಥಿತಿಯನ್ನು ಅರಿಯುವುದು, ಏನಾದರೂ ಮಾಡಿ ನೋಡುವುದು, ಮಾಡಿದ್ದರ ಫಲವನ್ನು ಪರಿಶೀಲಿಸಿ ಮುಂದಿನ ಹೆಜ್ಜೆ ಇಡುವುದು, ಇದೆಲ್ಲದರಲ್ಲಿ ಸಂಬಂಧಪಟ್ಟವರನ್ನೇ ಸಹಸಂಶೋಧಕರನ್ನಾಗಿಸುವುದು.

ಇತ್ತ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ರೆನ್ಸಿಸ್ ಲಿಕರ್ಟ್ ಸಮೀಕ್ಷಾ ಕೇಂದ್ರವೊಂದನ್ನು ಕಟ್ಟುತ್ತಿದ್ದರು. ಲೇಖನದ ಆರಂಭದಲ್ಲಿ ಹೇಳಿದ ಐದು ಆಯ್ಕೆಗಳ ಪ್ರಶ್ನಾಕ್ರಮ ಇವರದೇ. 1932ರಷ್ಟು ಹಿಂದೆಯೇ ರೂಪಿಸಿದ್ದು. ಲೆವಿನ್ ತೀರಿಕೊಂಡ ಮೇಲೆ ಅವರ ಸಂಶೋಧನಾ ಕೇಂದ್ರವೂ ಎಂಐಟಿಯಿಂದ ಮಿಶಿಗನ್‌ಗೆ ಬಂದು ಸೇರಿತು. 1948ರಿಂದ ಡೆಟ್ರಾಯಿಟ್ ಎಡಿಸನ್ ಎಂಬ ವಿದ್ಯುತ್ ಕಂಪನಿಯಲ್ಲಿ ಫ್ಲಾಯ್ಡ್ ಮ್ಯಾನ್ ಮತ್ತು ಸಂಗಡಿಗರು ನೌಕರರ ಸಮೀಕ್ಷೆ ನಡೆಸಿದಾಗ ಒಂದು ಸಂಗತಿ ಎದ್ದು ಕಂಡಿತು. ಫಲಿತಾಂಶವನ್ನು ಮೇಲಧಿಕಾರಿಗೆ ಕೊಟ್ಟು ಅವನು ಅದನ್ನು ಬೀರುವಿನಲ್ಲಿಟ್ಟರೆ ಏನೂ ಆಗುತ್ತಿರಲಿಲ್ಲ. ಪ್ರತಿ ಮೇಲ್ವಿಚಾರಕ ತನ್ನ ಕೈಕೆಳಗಿನವರೊಡನೆ ಕುಳಿತು, ಅವರ ವಿಭಾಗದ ಅಂಕಿಗಳನ್ನು ಅವರ ಮುಂದಿಟ್ಟು, ಇದರ ಅರ್ಥವೇನು, ಏನು ಮಾಡೋಣ ಎಂದು ಚರ್ಚಿಸಿದಲ್ಲಿ ಬದಲಾವಣೆ ಕಾಣುತ್ತಿತ್ತು. ಕಂಪನಿಯ ಲೆಕ್ಕಪತ್ರ ವಿಭಾಗಗಳನ್ನು ಹೋಲಿಸಿ ನೋಡಿದಾಗಲೂ ಚರ್ಚೆ ನಡೆದ ವಿಭಾಗಗಳೇ ಹೆಚ್ಚು ಸುಧಾರಿಸಿದ್ದವು. ನ್ಯೂ ಬ್ರಿಟನ್ನಿನ ಸಂಜೆಯ ಸಭೆ ಇಲ್ಲಿ ಸಾವಿರಾರು ನೌಕರರ ಕಂಪನಿಗೆ ಒಗ್ಗುವ ರೂಪ ಪಡೆಯಿತು.

ಇದೇ ಹೊತ್ತಿಗೆ ಅಟ್ಲಾಂಟಿಕ್ ಸಾಗರದ ಆಚೆ ದಡದಲ್ಲಿ ಇನ್ನೊಂದು ಕವಲು ಬೇರೆಯದೇ ಮಣ್ಣಿನಿಂದ ಮೇಲೆದ್ದಿತು. ಯುದ್ಧಕಾಲದಲ್ಲಿ ಬ್ರಿಟಿಷ್ ಸೇನೆಯಲ್ಲಿ ದುಡಿದಿದ್ದ ಮನೋವೈದ್ಯರು, ಮನೋವಿಜ್ಞಾನಿಗಳು ಸೇರಿ ಯುದ್ಧ ಮುಗಿದೊಡನೆ ಲಂಡನ್ನಿನಲ್ಲಿ ಟ್ಯಾವಿಸ್ಟಾಕ್ ಇನ್‌ಸ್ಟಿಟ್ಯೂಟ್ ಸ್ಥಾಪಿಸಿದರು. ಅವರಲ್ಲೊಬ್ಬರಾದ ಎರಿಕ್ ಟ್ರಿಸ್ಟ್, ಹಿಂದೆ ಸ್ವತಃ ಗಣಿ ಕಾರ್ಮಿಕನಾಗಿದ್ದ ಕೆನ್ ಬ್ಯಾಂಫರ್ತ್ ಜೊತೆ ಸೇರಿ 1951ರಲ್ಲಿ ಕಲ್ಲಿದ್ದಲು ಗಣಿಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಹಳೆಯ ಪದ್ಧತಿಯಲ್ಲಿ ಇಬ್ಬರು ಮೂವರು ಒಬ್ಬರನ್ನೊಬ್ಬರು ತಾವೇ ಆರಿಸಿಕೊಂಡು, ಕಲ್ಲಿದ್ದಲು ಕಡಿಯುವುದರಿಂದ ಹಿಡಿದು ಸಾಗಿಸುವವರೆಗಿನ ಕೆಲಸವನ್ನೆಲ್ಲ ತಾವೇ ಮಾಡುತ್ತಿದ್ದರು. ಕತ್ತಲೆಯಲ್ಲಿ, ಯಾವಾಗ ಕುಸಿಯುವುದೋ ತಿಳಿಯದ ಚಾವಣಿಯ ಕೆಳಗೆ, ಜೊತೆಗಾರನನ್ನು ನಂಬುವುದೇ ಜೀವರಕ್ಷಣೆಯಾಗಿತ್ತು. ಯಂತ್ರಗಳು ಬಂದ ಮೇಲೆ ಇನ್ನೂರು ಗಜದಷ್ಟು ಉದ್ದದ, ಕಲ್ಲಿದ್ದಲು ಕಡಿಯುವ ಗೋಡೆಯ ಉದ್ದಕ್ಕೂ ಮೂರು ಪಾಳಿಗಳಲ್ಲಿ ನಲವತ್ತು ಮಂದಿ ಹಂಚಿಹೋದರು. ಒಂದು ಪಾಳಿ ಕತ್ತರಿಸಬೇಕು, ಇನ್ನೊಂದು ತುಂಬಬೇಕು, ಮತ್ತೊಂದು ಮುಂದಿನ ಸುತ್ತಿಗೆ ಅಣಿಮಾಡಬೇಕು. ಒಬ್ಬರ ಕೆಲಸ ಅರ್ಧಕ್ಕೆ ನಿಂತರೆ ಅದರ ಹೊರೆ ಮುಖವನ್ನೂ ನೋಡದ ಮುಂದಿನ ಪಾಳಿಯವರ ಮೇಲೆ ಬೀಳುತ್ತಿತ್ತು. ಯಂತ್ರ ಒಳ್ಳೆಯದೇ ಆಗಿದ್ದರೂ ಗೈರುಹಾಜರಿ ಹೆಚ್ಚಿತು, ದೂರುವುದು ಹೆಚ್ಚಿತು, ನಿರೀಕ್ಷಿಸಿದ ಉತ್ಪಾದನೆ ಬರಲಿಲ್ಲ.

ಆದರೆ ಯಾರ್ಕ್‌ಷೈರಿನ ಹೇಗ್‌ಮೂರ್ ಎಂಬ ಕಲ್ಲಿದ್ದಲಿನ ಪದರದಲ್ಲಿ ಕಾರ್ಮಿಕರೇ, ಹೊಸ ಯಂತ್ರಗಳ ನಡುವೆಯೂ, ಎಲ್ಲರೂ ಎಲ್ಲ ಕೆಲಸ ಕಲಿತು ಪಾಳಿಗಳನ್ನು ತಾವೇ ಹೊಂದಿಸಿಕೊಳ್ಳುವ ಗುಂಪುಗಳನ್ನು ಕಟ್ಟಿಕೊಂಡಿದ್ದರು. ತಂತ್ರಜ್ಞಾನವನ್ನೂ ಜನಸಂಬಂಧಗಳನ್ನೂ ಒಂದಕ್ಕೊಂದು ಹೊಂದುವಂತೆ ಜೊತೆಜೊತೆಗೆ ರೂಪಿಸಬೇಕೆಂಬ ‘ಸಾಮಾಜಿಕ-ತಾಂತ್ರಿಕ ವ್ಯವಸ್ಥೆ’ಯ ಸಿದ್ಧಾಂತ ಇದರಿಂದ ಹುಟ್ಟಿತು. ಪರಿಹಾರವನ್ನು ಕಂಡುಹಿಡಿದವರು ಗಣಿಗಾರರು, ಅದಕ್ಕೆ ಹೆಸರಿಟ್ಟವರು ಸಂಶೋಧಕರು ಎಂಬುದನ್ನು ಈ ಶಾಸ್ತ್ರದ ಚರಿತ್ರೆಯಲ್ಲಿ ಯಾಕೋ ಮೆಲುದನಿಯಲ್ಲಿ ಹೇಳುತ್ತಾರೆ.

ಈ ಸಿದ್ಧಾಂತದ ಅತ್ಯಂತ ಪ್ರಸಿದ್ಧ ಪ್ರಯೋಗ ನಡೆದದ್ದು ನಮ್ಮ ದೇಶದಲ್ಲಿ, ಅಹಮದಾಬಾದಿನ ಕ್ಯಾಲಿಕೊ ಗಿರಣಿಗಳಲ್ಲಿ. ಗಿರಣಿ ಸಾರಾಭಾಯಿ ಮನೆತನದ್ದು. 1918ರ ಗಿರಣಿ ಮುಷ್ಕರದಲ್ಲಿ ಮಾಲೀಕರ ಪರವಾಗಿ ಅಂಬಾಲಾಲ್ ಸಾರಾಭಾಯಿ, ಕಾರ್ಮಿಕರ ಪರವಾಗಿ ಗಾಂಧೀಜಿಯೊಂದಿಗೆ ಅವರ ಅಕ್ಕ ಅನಸೂಯಾಬೆನ್ ಎದುರುಬದುರಾಗಿ ನಿಂತ ಮನೆ ಅದು. ದುಡಿಮೆಯ ಸಂಬಂಧಗಳ ಪ್ರಶ್ನೆ ಅಲ್ಲಿಗೆ ಲಂಡನ್ನಿನಿಂದ ಬರಬೇಕಾಗಿರಲಿಲ್ಲ. ಅಂಬಾಲಾಲರ ಮಗ ಗೌತಮ್ ಸಾರಾಭಾಯಿಯವರ ಕಾಲದಲ್ಲಿ, 1953ರಲ್ಲಿ, ಟ್ಯಾವಿಸ್ಟಾಕಿನ ಎ.ಕೆ. ರೈಸ್ ಅಲ್ಲಿಗೆ ಬಂದರು. ಹೊಸದಾಗಿ ಹಾಕಿದ್ದ 224 ಸ್ವಯಂಚಾಲಿತ ಮಗ್ಗಗಳ ಶೆಡ್ಡಿನಲ್ಲಿ 29 ಮಂದಿ 12 ಬಗೆಯ ಬಿಡಿಬಿಡಿ ಕೆಲಸಗಳಲ್ಲಿ ತೊಡಗಿದ್ದರು. ನೇಯುವವನ ಲೆಕ್ಕ ಇಷ್ಟು ಮಗ್ಗ, ಲಾಳಿ ತುಂಬುವವನ ಲೆಕ್ಕ ಬೇರೆಯಷ್ಟು, ಎಳೆ ಕಡಿದಾಗ ಸರಿಮಾಡುವವನದು ಮತ್ತೊಂದಷ್ಟು. ಒಂದು ಮಗ್ಗ ನಿಂತರೆ ಅದು ಯಾರ ಹೊಣೆಯೆಂದು ಹೇಳುವಂತಿರಲಿಲ್ಲ. ಹೊಸ ಮಗ್ಗ ಹಳೆಯ ಮಗ್ಗಕ್ಕಿಂತ ಹೆಚ್ಚೇನೂ ಕೊಡುತ್ತಿರಲಿಲ್ಲ.

ಒಂದಷ್ಟು ಮಗ್ಗಗಳನ್ನು ಪೂರ್ತಿಯಾಗಿ ಒಂದೇ ಗುಂಪಿನ ವಶಕ್ಕೆ ಕೊಟ್ಟರೆ ಹೇಗೆ ಎಂಬ ಸೂಚನೆಯನ್ನು ರೈಸ್ ಮುಂದಿಟ್ಟರು. ಮುಂದಿನದನ್ನು ಅವರು ಬೆರಗಿನಿಂದಲೇ ದಾಖಲಿಸಿದ್ದಾರೆ. ಮೇಲ್ವಿಚಾರಕರೂ ಕಾರ್ಮಿಕರೂ ಆ ಸೂಚನೆಯನ್ನು ಕೈಗೆತ್ತಿಕೊಂಡು, ಯಾರು ಯಾರೊಡನೆ ಸೇರಬೇಕೆಂಬುದನ್ನು ತಾವೇ ತೀರ್ಮಾನಿಸಿ, 64 ಮಗ್ಗಗಳಿಗೆ ಏಳು ಮಂದಿಯಂತೆ ಗುಂಪುಗಳನ್ನು ಮಾಡಿಕೊಂಡರು. ಆರಂಭದ ಏರಿಳಿತಗಳ ನಂತರ ಉತ್ಪಾದನೆ ಹೆಚ್ಚಿತು, ಹಾಳಾಗುವ ಬಟ್ಟೆಯ ಪ್ರಮಾಣ ತಗ್ಗಿತು, ಪದ್ಧತಿ ಬೇರೆ ಶೆಡ್ಡುಗಳಿಗೂ ಹಬ್ಬಿತು. ಟ್ಯಾವಿಸ್ಟಾಕಿನ ಎರಿಕ್ ಮಿಲ್ಲರ್ 1970ರಲ್ಲಿ ಮತ್ತೆ ಹೋಗಿ ನೋಡಿದಾಗ ಒಂದು ಕಡೆ ಗುಂಪು ಪದ್ಧತಿ ಹೆಚ್ಚುಕಡಿಮೆ ಮೊದಲಿನಂತೆಯೇ ಉಳಿದಿತ್ತು. ಉಳಿದೆಡೆ ಮಾರುಕಟ್ಟೆಯ ಒತ್ತಡ ಬಂದಾಗ, ಗುಂಪಿಗೆ ಬಿಟ್ಟಿದ್ದ ತೀರ್ಮಾನಗಳಲ್ಲಿ ಮೇಲಿನವರು ಮೆಲ್ಲಮೆಲ್ಲನೆ ಕೈಯಾಡಿಸತೊಡಗಿದ ಮೇಲೆ, ಅದು ಸವೆದುಹೋಗಿತ್ತು. ಬದಲಾವಣೆಯ ಪ್ರಯೋಗಗಳಲ್ಲಿ ಹದಿನೇಳು ವರ್ಷಗಳ ನಂತರ ಹಿಂತಿರುಗಿ ನೋಡಿ ಸೋಲನ್ನೂ ಬರೆದಿಟ್ಟವು ಬಹಳ ಕಡಿಮೆ. ಈ ಕಾರಣಕ್ಕೇ ಅಹಮದಾಬಾದಿನ ಪ್ರಯೋಗ ನನಗೆ ಹಾಥಾರ್ನ್‌ಗಿಂತ ಹೆಚ್ಚು ವಿಶ್ವಾಸಾರ್ಹವೆನಿಸುತ್ತದೆ.

ಇಷ್ಟೆಲ್ಲ ಆಗುವವರೆಗೂ ಶಾಸ್ತ್ರಕ್ಕೆ ಹೆಸರಿರಲಿಲ್ಲ. ಬೆತೆಲಿನ ಶಿಬಿರಕ್ಕೆ ಒಬ್ಬೊಬ್ಬರಾಗಿ ಹೋಗಿ ಬಂದ ಅಧಿಕಾರಿಗಳು ಹೊಸ ಮನುಷ್ಯರಂತೆ ಮರಳಿ, ಕೆಲವೇ ವಾರಗಳಲ್ಲಿ ಹಳೆಯ ಮನುಷ್ಯರಾಗುತ್ತಿದ್ದರು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಫೋರ್‌ಮನ್‌ಗಳ ಬಗ್ಗೆ ಎಡ್ವಿನ್ ಫ್ಲೈಶ್‌ಮನ್ 1950ರ ದಶಕದಲ್ಲಿ ನಡೆಸಿದ ಅಧ್ಯಯನವೂ ಇದನ್ನೇ ತೋರಿಸಿತ್ತು: ತರಬೇತಿಯಲ್ಲಿ ಕಲಿತದ್ದು ಉಳಿಯುವುದು ಅಳಿಯುವುದು ಅವರವರ ಮೇಲಧಿಕಾರಿಯ ವರ್ತನೆಯನ್ನು ಅವಲಂಬಿಸಿತ್ತು. ಹಾಗಾದರೆ ಬಿಡಿ ವ್ಯಕ್ತಿಯನ್ನು ಹೊರಗೆ ಕಳಿಸುವುದು ಸಾಲದು, ಒಟ್ಟಿಗೆ ದುಡಿಯುವ ತಂಡವನ್ನೇ, ಕೊನೆಗೆ ಇಡೀ ಸಂಸ್ಥೆಯನ್ನೇ ಶಿಬಿರವಾಗಿಸಬೇಕು ಎಂಬ ಯೋಚನೆ 1957ರ ಸುಮಾರಿಗೆ ಹಲವೆಡೆ ಒಮ್ಮೆಲೇ ಮೂಡಿತು. ಯೂನಿಯನ್ ಕಾರ್ಬೈಡ್‌ನಲ್ಲಿ ಡಗ್ಲಾಸ್ ಮೆಕ್‌ಗ್ರೆಗರ್, ಎಸ್ಸೊ ಕಂಪನಿಯ ತೈಲ ಶುದ್ಧೀಕರಣಾಗಾರಗಳಲ್ಲಿ ಹರ್ಬರ್ಟ್ ಶೆಪರ್ಡ್ ಮತ್ತು ರಾಬರ್ಟ್ ಬ್ಲೇಕ್, ಜನರಲ್ ಮಿಲ್ಸ್‌ನಲ್ಲಿ ಮೆಕ್‌ಗ್ರೆಗರ್ ಜೊತೆ ರಿಚರ್ಡ್ ಬೆಕ್‌ಹಾರ್ಡ್ ಈ ದಿಕ್ಕಿನಲ್ಲಿ ಕೆಲಸ ಮಾಡಿದರು. ‘ಆರ್ಗನೈಸೇಶನ್ ಡೆವಲಪ್‌ಮೆಂಟ್’ ಎಂಬ ಹೆಸರನ್ನು ಮೊದಲು ಬಳಸಿದವರು ಇವರಲ್ಲಿ ಯಾರೆಂಬ ಬಗ್ಗೆ ಒಮ್ಮತವಿಲ್ಲ, ಅದರಿಂದ ನಷ್ಟವೂ ಇಲ್ಲ.

1960ರಲ್ಲಿ ಮೆಕ್‌ಗ್ರೆಗರ್ ಎಕ್ಸ್ (ಜನ ಮೈಗಳ್ಳರು) ಮತ್ತು ವೈ (ಜನ ಹೊಣೆಯರಿತು ದುಡಿಯಬಲ್ಲವರು) ಎಂಬ ಎರಡು ಸಿದ್ಧಾಂತಗಳ ಪ್ರಸಿದ್ಧ ವಾದವನ್ನು ಮಂಡಿಸಿದರು. ಜನ ಸ್ವಭಾವತಃ ಮೈಗಳ್ಳರೆಂದು ನಂಬಿದ ಆಡಳಿತ ಬೇಲಿ ಕಟ್ಟುತ್ತದೆ, ಬೇಲಿಯೊಳಗಿನ ಜನ ಮೈಗಳ್ಳರಂತೆಯೇ ವರ್ತಿಸತೊಡಗುತ್ತಾರೆ, ಆಗ ಆಡಳಿತಕ್ಕೆ ತನ್ನ ನಂಬಿಕೆಯೇ ನಿಜವಾಯಿತೆನಿಸುತ್ತದೆ ಎಂಬುದು ಅದರ ಸಾರ. 1969ರಲ್ಲಿ ಆರು ಪುಟ್ಟ ಪುಸ್ತಕಗಳ ಮಾಲೆಯೊಂದು ಹೊರಬಂದು ಶಾಸ್ತ್ರ ತನ್ನ ಕಾಲಮೇಲೆ ನಿಂತಿತು. ಆ ಮಾಲೆಯಲ್ಲಿ ಬೆಕ್‌ಹಾರ್ಡ್ ಕೊಟ್ಟ ವ್ಯಾಖ್ಯೆಯೇ ಇಂದಿಗೂ ಹೆಚ್ಚು ಚಾಲ್ತಿಯಲ್ಲಿದೆ: ಯೋಜಿತವಾದ, ಇಡೀ ಸಂಸ್ಥೆಯನ್ನು ವ್ಯಾಪಿಸಿದ, ಮೇಲಿನಿಂದ ನಿರ್ವಹಿಸಲ್ಪಟ್ಟ, ಸಂಸ್ಥೆಯ ಕಾರ್ಯಕ್ಷಮತೆಯನ್ನೂ ಆರೋಗ್ಯವನ್ನೂ ಹೆಚ್ಚಿಸುವ, ವರ್ತನಾ ವಿಜ್ಞಾನದ ಅರಿವನ್ನು ಬಳಸುವ ಪ್ರಯತ್ನ. ಇದರಲ್ಲಿ ‘ಮೇಲಿನಿಂದ’ ಎಂಬ ಮಾತನ್ನು ಓದುಗರು ಗಮನಿಸಬೇಕು. ಮೇಲಿನವರ ಬೆಂಬಲವಿಲ್ಲದೆ ಸಂಸ್ಥೆ ಬದಲಾಗುವುದಿಲ್ಲವೆಂಬುದು ಅನುಭವದ ಮಾತು. ಆದರೆ ಸಂಭಾವನೆ ಕೊಟ್ಟು ಕರೆಸಿದವರು ಮೇಲಿನವರಾದಾಗ, ಕೆಳಗಿನವರ ಮಾತನ್ನು ಎಷ್ಟು ದೂರ ಒಯ್ಯಬಹುದೆಂಬುದೂ ಅಲ್ಲೇ ನಿಗದಿಯಾಗಿಬಿಡುತ್ತದೆ. ಅಮೆರಿಕದ ಈ ಶಾಸ್ತ್ರದಲ್ಲಿ ಕಾರ್ಮಿಕ ಸಂಘಗಳ ಹೆಸರು ಬಹಳ ವಿರಳವಾಗಿ ಬರುವುದಕ್ಕೆ ಇದೇ ಕಾರಣವಿರಬೇಕು. 1960ರ ದಶಕದಲ್ಲಿ ಸಂಘಗಳೂ ಮಾಲೀಕರೂ ಸೇರಿ ಪ್ರಯೋಗ ನಡೆಸಿದ ನಾರ್ವೆಯಲ್ಲಿ ಚಿತ್ರವೇ ಬೇರೆಯಾಗಿತ್ತು.

ಒಳಗಿನಿಂದಲೇ ಅನುಮಾನಗಳೂ ಎದ್ದವು. ಟಿ-ಗ್ರೂಪ್‌ಗಳಲ್ಲಿ ಮನಸ್ಸು ಬಿಚ್ಚುವಂತೆ ಜನರ ಮೇಲೆ ಒತ್ತಡ ಬೀಳುತ್ತದೆ, ಕೆಲವರು ನೊಂದು ಮರಳುತ್ತಾರೆ ಎಂಬ ದೂರುಗಳು 1960ರ ದಶಕದಲ್ಲಿ ಬಲವಾದವು. ಈ ಅಪಾಯವನ್ನು ಮನೋವಿಜ್ಞಾನಿ ಎಡ್ಗರ್ ಶೈನ್ ಇನ್ನೊಂದು ದಿಕ್ಕಿನಿಂದ ಬಲ್ಲವರಾಗಿದ್ದರು. ಕೊರಿಯಾ ಯುದ್ಧ ಮುಗಿದಾಗ, 1953ರಲ್ಲಿ, ಚೀನೀಯರ ಸೆರೆಯಿಂದ ಬಿಡುಗಡೆಯಾಗಿ ಬಂದ ಅಮೆರಿಕನ್ ಸೈನಿಕರನ್ನು ಸಂದರ್ಶಿಸಿದ್ದ ಅವರಿಗೆ, ಗುಂಪಿನ ಒತ್ತಡದಿಂದ ಮನುಷ್ಯನ ನಂಬಿಕೆಗಳನ್ನು ಕರಗಿಸಿ ಬೇರೆ ಅಚ್ಚಿಗೆ ಎರೆಯುವುದು ಏನೆಂದು ಗೊತ್ತಿತ್ತು. ಸಲಹೆಗಾರ ವೈದ್ಯನಂತೆ ರೋಗ ಹೇಳಿ ಔಷಧ ಬರೆಯಬಾರದು, ಸಂಸ್ಥೆಯವರು ತಮ್ಮ ಸಮಸ್ಯೆಯನ್ನು ತಾವೇ ಕಾಣುವಂತೆ ನೆರವಾಗಬೇಕು, ಸಮಸ್ಯೆ ಕೊನೆಯವರೆಗೂ ಅವರದಾಗಿಯೇ ಉಳಿಯಬೇಕು ಎಂಬ ಅವರ ‘ಪ್ರಕ್ರಿಯಾ ಸಮಾಲೋಚನೆ’ಗೆ ಆ ಅನುಭವದ ಹಿನ್ನೆಲೆಯಿದೆಯೆಂದು ಓದಿಕೊಂಡರೆ ಅದರ ಸಂಯಮ ಹೆಚ್ಚು ಅರ್ಥವಾಗುತ್ತದೆ. ಕ್ರಿಸ್ ಆರ್ಗಿರಿಸ್ ಹಿಡಿದದ್ದು ನುಡಿಗೂ ನಡೆಗೂ ಇರುವ ಅಂತರವನ್ನು. ಬಾಯಲ್ಲಿ ಹೇಳುವ ಸಿದ್ಧಾಂತ ಒಂದು, ನಡವಳಿಕೆಯನ್ನು ನಿಜವಾಗಿ ನಡೆಸುವ ಸಿದ್ಧಾಂತ ಇನ್ನೊಂದು. ಎರಡರ ನಡುವಿನ ಕಂದರ ಎಲ್ಲರಿಗೂ ಕಾಣುತ್ತಿರುತ್ತದೆ, ಅದರ ಬಗ್ಗೆ ಮಾತಾಡಬಾರದೆಂಬುದೂ ಎಲ್ಲರಿಗೂ ಗೊತ್ತಿರುತ್ತದೆ.

ಭಾರತಕ್ಕೆ ಈ ಚಿಂತನೆ ಕ್ಯಾಲಿಕೊ ಗಿರಣಿಯ ಬಾಗಿಲಿನಿಂದ ಮಾತ್ರ ಬರಲಿಲ್ಲ. ಮೈಸೂರಿನ ಹತ್ತಿರದ ಇಲವಾಲದಲ್ಲಿ 1950ರ ದಶಕದ ಉತ್ತರಾರ್ಧದಲ್ಲಿ ರೋಲ್ಫ್ ಲಿಂಟನ್ ನಡೆಸುತ್ತಿದ್ದ ‘ಆಲೋಕ’ ಎಂಬ ಅಂತರರಾಷ್ಟ್ರೀಯ ತರಬೇತಿ ಕೇಂದ್ರದಲ್ಲಿ, ಒಟ್ಟಿಗೆ ಬದುಕುತ್ತಾ ಆ ಬದುಕನ್ನೇ ಪಠ್ಯವಾಗಿಸಿಕೊಳ್ಳುವ ಕ್ರಮ ಜಾರಿಯಲ್ಲಿತ್ತು. ಲಿಂಟನ್ ಮುಂದೆ ಉದಯ್ ಪಾರೀಕ್ ಜೊತೆಗೂಡಿ 1967ರಲ್ಲಿ ಪ್ರಕಟಿಸಿದ ತರಬೇತಿಯ ಕುರಿತಾದ ಗ್ರಂಥ ಬಹುಕಾಲ ಆಕರವಾಗಿ ಉಳಿಯಿತು. 1970ರ ದಶಕದ ಮಧ್ಯಭಾಗದಲ್ಲಿ ಅಹಮದಾಬಾದಿನ ಐಐಎಂನಲ್ಲಿದ್ದ ಪಾರೀಕ್ ಮತ್ತು ಟಿ.ವಿ. ರಾವ್ ಅವರನ್ನು ಲಾರ್ಸನ್ ಅಂಡ್ ಟೂಬ್ರೊ ಕಂಪನಿ ತನ್ನ ಕಾರ್ಯಸಾಧನೆ ಮೌಲ್ಯಮಾಪನ ಪದ್ಧತಿಯನ್ನು ಪರಿಶೀಲಿಸಲು ಕರೆಯಿತು. ಅವರು ಮೌಲ್ಯಮಾಪನದ ಜೊತೆಗೆ ತರಬೇತಿ, ವೃತ್ತಿ ಬೆಳವಣಿಗೆ, ಸಾಂಸ್ಥಿಕ ಅಭಿವೃದ್ಧಿ ಎಲ್ಲವನ್ನೂ ಒಂದೇ ಸೂರಿನಡಿ ತರುವ ‘ಮಾನವ ಸಂಪನ್ಮೂಲ ಅಭಿವೃದ್ಧಿ’ (ಎಚ್‌ಆರ್‌ಡಿ) ವಿಭಾಗದ ಯೋಜನೆ ಕೊಟ್ಟರು. ನಮ್ಮಲ್ಲಿ ಸಾಂಸ್ಥಿಕ ಅಭಿವೃದ್ಧಿಯ ಹೆಸರು ಹೆಚ್ಚು ಕೇಳದೆ ಎಚ್‌ಆರ್‌ಡಿ ಎಂಬುದೇ ಮನೆಮಾತಾದದ್ದಕ್ಕೆ ಇದು ಮುಖ್ಯ ಕಾರಣ. ಇದರ ಪರಿಣಾಮ ಎರಡು ಬಗೆಯದು: ವಿಷಯಕ್ಕೆ ಖಾಯಂ ನೆಲೆ ಸಿಕ್ಕಿತು, ಆದರೆ ಇಡೀ ಸಂಸ್ಥೆ ತನ್ನನ್ನು ತಾನು ನೋಡಿಕೊಳ್ಳುವ ಕೆಲಸ ಒಂದು ವಿಭಾಗದ ಕಡತವಾಯಿತು.

1980ರ ನಂತರದ್ದನ್ನು ಚುರುಕಾಗಿ ಹೇಳಬಹುದು. ಕ್ಲೀವ್‌ಲ್ಯಾಂಡಿನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಡೇವಿಡ್ ಕೂಪರ್‌ರೈಡರ್ ಮತ್ತು ಭಾರತೀಯ ಮೂಲದ ಸುರೇಶ್ ಶ್ರೀವಾಸ್ತವ 1987ರಲ್ಲಿ, ಯಾವಾಗಲೂ ಏನು ಕೆಟ್ಟಿದೆ ಎಂದೇ ಯಾಕೆ ಕೇಳಬೇಕು, ಯಾವುದು ಚೆನ್ನಾಗಿ ನಡೆದಾಗ ಹೇಗೆ ನಡೆದಿತ್ತು ಎಂದು ಏಕೆ ಕೇಳಬಾರದು ಎಂಬ ಪ್ರಶ್ನೆಯೆತ್ತಿ ಹೊಸ ಕವಲನ್ನು ತೆರೆದರು. 2009ರಲ್ಲಿ ಜರ್ವೇಸ್ ಬುಶ್ ಮತ್ತು ರಾಬರ್ಟ್ ಮಾರ್ಷಾಕ್, ಮಾಹಿತಿ ಕಲೆಹಾಕಿ ರೋಗನಿರ್ಣಯ ಮಾಡುವ ಹಳೆಯ ಬಗೆಗೂ, ಸಂಸ್ಥೆಯೊಳಗಿನ ಮಾತುಕತೆಯನ್ನೇ ಬದಲಿಸಲು ಹೊರಡುವ ಹೊಸ ಬಗೆಗೂ ಇರುವ ವ್ಯತ್ಯಾಸವನ್ನು ಗುರುತಿಸಿ ಹೆಸರಿಟ್ಟರು. ಈ ನಡುವೆ 1990ರ ದಶಕದಲ್ಲಿ ಬಂದ, ಕೆಲಸದ ಕ್ರಮಗಳನ್ನು ಬುಡದಿಂದ ಹೊಸದಾಗಿ ಜೋಡಿಸುವ ರೀಎಂಜಿನಿಯರಿಂಗ್ ಅಲೆ, ಮತ್ತೆ ಯೋಚಿಸುವವರನ್ನೂ ಮಾಡುವವರನ್ನೂ ಬೇರ್ಪಡಿಸಿ, ಟೇಲರನ ಮೊಮ್ಮಗನಂತೆ ಕಂಪನಿಗಳನ್ನು ಆವರಿಸಿತು. ಎಷ್ಟೋ ಕಡೆ ಅದರ ಇನ್ನೊಂದು ಹೆಸರು ನೌಕರಿ ಕಡಿತ ಎಂದಾಗಿತ್ತು. ಇಂದು ಬಹಳ ಕೇಳಿಬರುವ ‘ಮಾನಸಿಕ ಸುರಕ್ಷತೆ’ (ತಂಡದಲ್ಲಿ ಬಾಯಿಬಿಟ್ಟು ಮಾತಾಡಿದರೆ ತೊಂದರೆಯಾಗದೆಂಬ ಭರವಸೆ) ಎಂಬ ಮಾತು 1999ರ ಏಮಿ ಎಡ್ಮಂಡ್‌ಸನ್ ಅವರ ಪ್ರಬಂಧದಿಂದ ಜನಪ್ರಿಯವಾಯಿತಾದರೂ, ಶೈನ್ ಮತ್ತು ವಾರೆನ್ ಬೆನ್ನಿಸ್ 1965ರಲ್ಲೇ ಅದನ್ನು ಚರ್ಚಿಸಿದ್ದರು.

ಬೆಂಗಳೂರಿನ ಸಾಫ್ಟ್‌ವೇರ್ ತಂಡಗಳಲ್ಲಿ ದುಡಿಯುವವರಿಗೆ ಈ ಇತಿಹಾಸದ ಒಂದು ತುಂಡು ಎರಡು ವಾರಕ್ಕೊಮ್ಮೆ ಎದುರಾಗುತ್ತದೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಸೇರಿದ 17 ಮಂದಿ ಪ್ರೋಗ್ರಾಮರ್‌ಗಳು ರೂಪಿಸಿದ, ಸಾಫ್ಟ್‌ವೇರನ್ನು ಸಣ್ಣ ಸಣ್ಣ ಸುತ್ತುಗಳಲ್ಲಿ ಕಟ್ಟುವ ‘ಅಜೈಲ್’ ಪದ್ಧತಿಯ ತತ್ವಗಳಲ್ಲಿ ಕೊನೆಯದು, ತಂಡ ಆಗಾಗ ಕುಳಿತು ತಾನು ಕೆಲಸ ಮಾಡುತ್ತಿರುವ ರೀತಿಯನ್ನೇ ಪರಿಶೀಲಿಸಿ ತಿದ್ದಿಕೊಳ್ಳಬೇಕೆನ್ನುತ್ತದೆ. ಸ್ಪ್ರಿಂಟ್ ಎನ್ನುವ ಅಂಥ ಒಂದು ಸುತ್ತು ಮುಗಿದ ಮೇಲೆ ನಡೆಯುವ ‘ರೆಟ್ರೊ’ ಸಭೆ ಅದೇ. ಮಾಡಿದ ಕೆಲಸವನ್ನು ಬದಿಗಿಟ್ಟು ಮಾಡಿದ ಬಗೆಯನ್ನು ಕುರಿತು, ಮಾಡಿದವರೇ ಮಾತಾಡುವ ಆ ಒಂದು ಗಂಟೆ 1946ರ ನ್ಯೂ ಬ್ರಿಟನ್ನಿನ ಸಂಜೆಗೆ ತೀರಾ ಸಮೀಪದ್ದು. ಆದರೆ ಅಲ್ಲಿನ ಮಹಿಳೆ ತನ್ನ ಬಗೆಗಿನ ಟಿಪ್ಪಣಿಯನ್ನು ಕೇಳಿ ‘ಹಾಗಲ್ಲ’ ಎನ್ನಲು ಸಾಧ್ಯವಾದದ್ದು, ಆ ಟಿಪ್ಪಣಿ ಬರೆದವನ ಕೈಯಲ್ಲಿ ಆಕೆಯ ಸಂಬಳವಾಗಲಿ ಬಡ್ತಿಯಾಗಲಿ ಇರಲಿಲ್ಲವೆಂಬ ಕಾರಣಕ್ಕೂ ಹೌದು. ಮ್ಯಾನೇಜರ್ ಕುಳಿತಿರುವ ರೆಟ್ರೊದಲ್ಲಿ ‘ಏನು ಸರಿಹೋಗಲಿಲ್ಲ’ ಎಂಬ ಅಂಕಣದ ಕೆಳಗೆ ಅಂಟುವ ಚೀಟಿಗಳು ಹೆಚ್ಚಾಗಿ ಟೆಸ್ಟ್ ಸರ್ವರ್ ನಿಧಾನವಾಗಿದ್ದುದರ ಬಗ್ಗೆ ಇರುತ್ತವೆ.